ಬೇಚರಾಕ್ ಊರಿನ ಉರ್ಲಗಡ್ಡೆ ಸಾಲು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಖಾಲಿಯಾಗುತ್ತಿರಲಿಲ್ಲ, ಬೇಚರಾಕ್ ಆಗುತ್ತಿತ್ತು. ಉಪ್ಪಿನ ಡಬ್ಬಿ ಬೇಚರಾಕ್. ಸೀಮೆಎಣ್ಣೆ ಡಬ್ಬ ಬೇಚರಾಕ್. ಲೆಕ್ಕದ ಪರೀಕ್ಷೆ ಬರೆದು ಬಂದ ದಿನ ನನ್ನ ತಲೆ ಬೇಚರಾಕ್. ಅಮ್ಮ ತವರಿಗೆ ಹೊರಟಳೆಂದರೆ ಅಪ್ಪ ಬಾಗಿಲಲ್ಲಿ ನಿಂತು, 'ಮನೆ ಬೇಚರಾಕ್ ಆಯ್ತಲ್ಲೇ ಪುಟ್ಟಿ' ಎಂದು ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದ. ಆಮೇಲೆ ನಾವಿಬ್ಬರೂ ಹಲಸೂರಿನ ಬೇಕರಿಗೆ ಹೋಗಿ ಖಾರ ಬನ್ನು ತಿಂದು, ಆ ದುಃಖವನ್ನು ಚೆನ್ನಾಗಿಯೇ ಅನುಭವಿಸುತ್ತಿದ್ದೆವು.

ಅಪ್ಪ ಸರ್ವೆ ಇಲಾಖೆಯಲ್ಲಿದ್ದ. ಜನವಸತಿ ಇಲ್ಲದ ಗ್ರಾಮಕ್ಕೆ ಕಂದಾಯದವರು ಬೇಚರಾಕ್ ಗ್ರಾಮ ಎನ್ನುತ್ತಾರೆ. ಹೆಸರಿರುತ್ತದೆ, ಎಲ್ಲೆಯಿರುತ್ತದೆ, ಸರ್ವೆ ನಂಬರುಗಳಿರುತ್ತವೆ, ಒಲೆ ಹಚ್ಚುವ ಮನೆ ಮಾತ್ರ ಒಂದೂ ಇರುವುದಿಲ್ಲ. ಬೇರೆ ಗುಮಾಸ್ತರು ಕಚೇರಿಯಿಂದ ಪೆನ್ನು, ಗುಂಡುಸೂಜಿ ತರುತ್ತಿದ್ದ ಕಾಲದಲ್ಲಿ ಅಪ್ಪ ತಂದದ್ದು ಇದೊಂದು ಮಾತು. ನನಗೆ ಅದರ ಅರ್ಥ ಬೇರೆಯೇ ಆಗಿತ್ತು. ಪಕ್ಕದ ಮನೆಯ ಆಂಟಿ ಶಿವಾಜಿನಗರದವರು, ಮನೆಯಲ್ಲಿ ದಖ್ಖನಿ ಮಾತಾಡುವವರು. ಮಳೆಯಲ್ಲಿ ನೆನೆದ ಬೆಕ್ಕಿನಿಂದ ಹಿಡಿದು ಕೆಲಸ ಹೋದ ಅಳಿಯನವರೆಗೆ ಎಲ್ಲರಿಗೂ 'ಬೇಚಾರಾ' ಎಂದು ಲೊಚಗುಟ್ಟುತ್ತಿದ್ದರು. ಪಾಪದವರು ಬೇಚಾರಾ ಆದರೆ ಪಾಪದ ಊರು ಬೇಚರಾಕ್ ಎಂದು ನಾನೇ ತೀರ್ಮಾನಿಸಿಕೊಂಡೆ. ಈ ಪಾಂಡಿತ್ಯವನ್ನು ಯಾರ ಹತ್ತಿರವೂ ತಿದ್ದಿಸಿಕೊಳ್ಳದೆ ಐವತ್ತು ದಾಟಿದೆ.

ಈಗ ನನ್ನ ಕೆಲಸವೇನು ಎಂದು ಕೇಳಿದವರಿಗೆ 'ಕಲೆಗೆ ಸಂಬಂಧಪಟ್ಟದ್ದು' ಎಂದು ಹೇಳಿ ದುಪಟ್ಟಾ ಸರಿಮಾಡಿಕೊಳ್ಳುತ್ತೇನೆ. ಹೆಚ್ಚು ಕೆದಕದಿದ್ದರೆ ಮರ್ಯಾದೆ ಉಳಿಯುತ್ತದೆ. ನಿಜವೇನೆಂದರೆ, ಇಂದಿರಾನಗರದಲ್ಲಿ ಒಂದು ಬಿರಿಯಾನಿ ಹೋಟೆಲಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹೊರದೇಶದ ಸಂಗ್ರಹಾಲಯಗಳು ತಮ್ಮ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತವೆ. ಚಿತ್ರದಲ್ಲಿ ಏನೇನಿದೆ ಎಂದು ನಾವು ಬರೆಯಬೇಕು. ಮರ, ನೀರು, ಹಸು, ಮೋಡ. ಎಲ್ಲೋ ಒಬ್ಬರು ಕಂಪ್ಯೂಟರಿನಲ್ಲಿ ಹಸು ಎಂದು ಹುಡುಕಿದರೆ ಈ ಹಸು ಅವರೆದುರು ಬಂದು ನಿಲ್ಲಬೇಕು, ಅಷ್ಟೇ. ಡಚ್ಚರ ಮೋಡಕ್ಕೂ ಇಂಗ್ಲಿಷರ ಮೋಡಕ್ಕೂ ಇರುವ ವ್ಯತ್ಯಾಸವನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಹಲಸೂರಿನ ಮೋಡ ನೋಡಿ ಕೊಡೆ ಒಯ್ಯಬೇಕೋ ಬೇಡವೋ ಎನ್ನುವುದು ಮಾತ್ರ ಇವತ್ತಿಗೂ ತಿಳಿಯುವುದಿಲ್ಲ.

ನಮ್ಮ ತಂಡದ ಮುಖ್ಯಸ್ಥೆ ನಸ್ರೀನ್, ಫ್ರೇಜರ್ ಟೌನಿನವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಗದರುವುದರಲ್ಲಿ ಅತ್ತೆ. ಅವಳದ್ದು ಒಂದೇ ನಿಯಮ: ಕಾಣುವುದನ್ನು ಬರಿ, ಕಾಣದ್ದನ್ನು ಬರೆಯಬೇಡ. ಒಮ್ಮೆ ನಾನು ಒಂದು ಚಿತ್ರದ ಹೆಂಗಸಿನ ಬಗ್ಗೆ 'ಗಂಡನಿಗಾಗಿ ಕಾಯುತ್ತಿದ್ದಾಳೆ' ಎಂದು ಬರೆದದ್ದಕ್ಕೆ, 'ಗಂಡ ಎಲ್ಲಿದ್ದಾನೆ ತೋರ್ಸು' ಎಂದು ಇಡೀ ಆಫೀಸಿನೆದುರು ಕೇಳಿದ್ದಳು.

ಕಳೆದ ಮಳೆಗಾಲದಲ್ಲಿ ಐರ್ಲೆಂಡಿನ ಹಳೆಯ ಚಿತ್ರಗಳ ದೊಡ್ಡ ಕಂತೆಯೊಂದು ಬಂತು. ಎಲ್ಲವೂ ಪ್ರಕೃತಿ ದೃಶ್ಯಗಳು. ಹಸಿರು ದಿಣ್ಣೆ, ಮಂಜು, ಕೆರೆ, ದೂರದಲ್ಲಿ ಒಂದು ದೊಡ್ಡ ಬಂಗಲೆ. ಜನರಿಲ್ಲ. ಜನರಿಲ್ಲದ ಚಿತ್ರವೆಂದರೆ ನಮಗೆ ಹಬ್ಬ, ಏಕೆಂದರೆ ಜನರಿದ್ದರೆ ಅವರ ಟೊಪ್ಪಿಗೆ, ಕೋಟು, ವಯಸ್ಸು, ಕೈಯಲ್ಲಿರುವ ಬುಟ್ಟಿ ಎಲ್ಲ ಬರೆಯಬೇಕು. ಜನ ಎಂಬ ಜಾಗದಲ್ಲಿ 'ಇಲ್ಲ' ಎಂದು ಗುಂಡಿ ಒತ್ತುತ್ತ ನಾವು ಸರಸರನೆ ಮುಂದೆ ಹೋದೆವು. ಆದರೆ ಕಳಿಸಿದವರಿಗೆ ಅಷ್ಟು ಸಾಲಲಿಲ್ಲ. ಕೆಲವು ಚಿತ್ರಗಳ ಹಿನ್ನೆಲೆಯೂ ಬೇಕಂತೆ: ಅದು ಯಾವ ಜಾಗ, ಜಮೀನು ಯಾರದು, ಬರೆಸಿದವರು ಯಾರು. ಆ ಕೆಲಸವನ್ನು ನಸ್ರೀನ್ ನನಗೆ ಕೊಟ್ಟಳು. ನನಗೆ ತಾಳ್ಮೆ ಜಾಸ್ತಿ ಎಂದು ಅವಳ ನಂಬಿಕೆ. ಅದು ತಾಳ್ಮೆಯಲ್ಲ, ನಿಧಾನ ಎಂದು ನಾನು ಬಾಯಿಬಿಡಲಿಲ್ಲ.

ಅದೇ ಹೊತ್ತಿಗೆ ಅಮ್ಮನ ಕಣ್ಣಿನ ವಿಚಾರ ಬಂತು. ಅಪ್ಪ ತೀರಿಕೊಂಡ ಮೇಲೆ ಹಲಸೂರಿನ ಮನೆಯಲ್ಲಿ ನಾವಿಬ್ಬರೇ. ಅಮ್ಮ ಬಾಗಿಲಿಗೆ ಭುಜ ತಾಗಿಸಿಕೊಳ್ಳುವುದು, ತಟ್ಟೆಯ ಪಕ್ಕದಲ್ಲಿ ಸಾರು ಬಡಿಸುವುದು ಶುರುವಾದಾಗ ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಇದು ಗ್ಲಾಕೋಮಾ, ನರಕ್ಕೇ ಪೆಟ್ಟು, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರಲಾರದು ಎಂದರು. ಅಮ್ಮ ಸಮಾಧಾನವಾಗಿಯೇ ಕೇಳಿಸಿಕೊಂಡಳು. ಆಟೋದಲ್ಲಿ ಬರುವಾಗ ಹೇಳಿದ್ದು ಒಂದೇ ಮಾತು.

'ಪೂರ್ತಿ ಹೋಗೋಕೆ ಮುಂಚೆ ನಮ್ಮೂರನ್ನ ಒಂದ್ಸಲ ನೋಡ್ಬೇಕಿತ್ತು ಕಣೆ.'

ಅಮ್ಮನ ಊರು ಹಾಲಕುಂಟೆ. ಕೃಷ್ಣರಾಜಪುರದಲ್ಲಿ ಬಸ್ಸಿಳಿದು ಮಣ್ಣುದಾರಿಯಲ್ಲಿ ನಡೆಯಬೇಕಿತ್ತು. ಒಂದು ದಿಣ್ಣೆ, ಅದರ ಬುಡದಲ್ಲಿ ನೀರಿನ ಕುಂಟೆ, ಕುಂಟೆಯ ದಂಡೆಗೆ ಮನೆಗಳು. ಮೋಡವಿಲ್ಲದ ಬೆಳಗ್ಗೆ ದೂರದಲ್ಲಿ ನಂದಿಬೆಟ್ಟ ಕಾಣುತ್ತಿತ್ತು. ದಿಣ್ಣೆಯ ಮೇಲೆಲ್ಲ ಉರ್ಲಗಡ್ಡೆ. ಆಲೂಗಡ್ಡೆ ಎನ್ನುವುದನ್ನು ನಾನು ಕಲಿತದ್ದು ಶಾಲೆಯಲ್ಲಿ, ತಿಂದದ್ದು ಉರ್ಲಗಡ್ಡೆಯನ್ನೇ. ಮಣ್ಣೇರಿಸಿದ ಸಾಲುಗಳ ಮೇಲೆ ಕಾಲಿಟ್ಟರೆ ಅಜ್ಜಿ ಕುಂಟೆಯ ಆಚೆಯಿಂದಲೇ ಬೈಯುತ್ತಿದ್ದಳು. 'ಸಾಲ್ ತುಳೀಬೇಡ, ಒಳಗೆ ಮಕ್ಕಳಿದ್ದಾವೆ!' ಉರ್ಲಗಡ್ಡೆಗೆ ಅಜ್ಜಿ ಹಾಗೆ ಹೇಳುತ್ತಿದ್ದದ್ದು. ಕಿತ್ತ ದಿನ ಸಂಜೆ ಒಲೆಯ ಬೂದಿಯಲ್ಲಿ ಅವೇ ಮಕ್ಕಳನ್ನು ಸುಟ್ಟು, ಉಪ್ಪು ಹಚ್ಚಿ ನಮಗೆ ಕೊಡುತ್ತಿದ್ದಳು. ನಮಗೆ ಅದರಲ್ಲಿ ಏನೂ ವಿಚಿತ್ರ ಅನ್ನಿಸುತ್ತಿರಲಿಲ್ಲ, ಇನ್ನೊಂದು ಕೊಡು ಎನ್ನುತ್ತಿದ್ದೆವು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಕಾರ್ಖಾನೆಗೆಂದು ಹಾಲಕುಂಟೆಯನ್ನು ಹೊಲಮನೆ ಸಮೇತ ತೆಗೆದುಕೊಂಡರು. ಮಾವಂದಿರು ಬಾಣಸವಾಡಿಗೊಬ್ಬರು, ಮಾರತ್ತಹಳ್ಳಿಗೊಬ್ಬರು ಹಂಚಿಹೋದರು. ಅಜ್ಜಿ ಬಾಣಸವಾಡಿಯ ಬಾಡಿಗೆ ಮನೆಯ ಮಹಡಿ ಮೇಲೆ, ಕೆಳಗಿಳಿಯದೆ ತೀರಿಕೊಂಡಳು. ಆಮೇಲೊಂದು ದಿನ ಅಪ್ಪ ಕಚೇರಿಯಿಂದ ಬಂದವನು ಊಟಕ್ಕೆ ಕೂತ. ಅಮ್ಮ ಉಪ್ಪಿಗೆ ಕೈಹಾಕಿದರೆ ಡಬ್ಬಿಯಲ್ಲಿ ಉಪ್ಪಿಲ್ಲ. ಅಪ್ಪನ ಮಾತಿಗೆ ನಾನು ನಗಲು ತಯಾರಾಗಿ ಕೂತಿದ್ದೆ. ಅಪ್ಪ ತಟ್ಟೆ ನೋಡುತ್ತ, 'ಖಾಲಿ' ಎಂದ. ಆ ದಿನ ಕಚೇರಿಯ ಗ್ರಾಮಪಟ್ಟಿಯ ಹೊಸ ಪ್ರತಿಯಲ್ಲಿ ಹಾಲಕುಂಟೆಯ ಮುಂದೆ ಬೇಚರಾಕ್ ಎಂದು ಬರೆದದ್ದನ್ನು ಅವನು ನೋಡಿ ಬಂದಿದ್ದನಂತೆ. ಇದನ್ನು ಅಮ್ಮ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಆ ಊಟದ ನಂತರ ನಮ್ಮ ಮನೆಯ ಡಬ್ಬಿಗಳು ಎಲ್ಲರ ಮನೆಯವುಗಳಂತೆ ಬರೀ ಖಾಲಿಯಾಗತೊಡಗಿದವು.

ಅಮ್ಮನಿಗೆ ಊರು ತೋರಿಸಬೇಕಲ್ಲ. ಮೊದಲು ಫೋಟೊ ಹುಡುಕಿದೆ. ಮಾವನ ಮಕ್ಕಳಿಗೆಲ್ಲ ಫೋನು ಮಾಡಿದೆ. ಎಲ್ಲರೂ ಕಳಿಸಿದ್ದು ಮದುವೆ ಫೋಟೊಗಳೇ. ಹಾಲಕುಂಟೆಗೆ ಕ್ಯಾಮೆರಾ ಬರುತ್ತಿದ್ದದ್ದು ಮದುವೆಗೆ ಮಾತ್ರ. ಬಂದ ಫೋಟೊಗ್ರಾಫರು, ಹಿಂದೆ ಗಲೀಜು ಕಾಣಬಾರದೆಂದು ಒಂದು ಹೂವಿನ ಬೆಡ್‌ಶೀಟು ಕಟ್ಟಿಸುತ್ತಿದ್ದ. ಮುಂದೆ ಬೆಂಚಿನ ಮೇಲೆ ಬಿಗಿದುಕೊಂಡು ಕೂತ ಬೀಗರು, ಹಿಂದೆ ಬೆಡ್‌ಶೀಟು. ಇಡೀ ಊರು ಆ ಬೆಡ್‌ಶೀಟಿನ ಹಿಂದಿತ್ತು. ಒಂದು ಫೋಟೊದಲ್ಲಿ ಬೆಡ್‌ಶೀಟಿನ ಕೆಳಗಿಂದ ಒಂದು ಕೋಳಿಯ ಕಾಲು ಕಾಣುತ್ತದೆ. ಹಾಲಕುಂಟೆಯದೆಂದು ನಮ್ಮಲ್ಲಿ ಉಳಿದಿರುವುದು ಅಷ್ಟೇ.

ಆಮೇಲೆ ಒಂದು ಭಾನುವಾರ ಕ್ಯಾಬು ಮಾಡಿಕೊಂಡು ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಕಾರ್ಖಾನೆ ಎಂದೋ ಮುಚ್ಚಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು, ಹಸಿರು ಹುಲ್ಲುಗಾವಲು ಎಂಬ ಅರ್ಥ ಬರುವ ಇಂಗ್ಲಿಷ್ ಹೆಸರು. ಗೇಟಿನಲ್ಲಿ ಸೆಕ್ಯೂರಿಟಿಯವನು ಮೊಬೈಲು ಹಿಡಿದು ಮರ್ಯಾದೆಯಿಂದಲೇ ಕೇಳಿದ, 'ಯಾವ ಫ್ಲ್ಯಾಟ್ ಮೇಡಂ?'

'ಫ್ಲ್ಯಾಟಲ್ಲಪ್ಪ, ಊರು' ಎಂದಳು ಅಮ್ಮ.

ಅವನ ಮೊಬೈಲಿನಲ್ಲಿ ಊರಿಗೆ ಜಾಗವಿರಲಿಲ್ಲ. ಫ್ಲ್ಯಾಟಿನ ನಂಬರು ಒತ್ತಬೇಕು, ಒಳಗಿನವರು ಸರಿ ಎನ್ನಬೇಕು. ನಾನು ಏನೇನೋ ವಿವರಿಸಿದೆ. ಪಾಪ, ಅವನು ದೂರದ ರಾಜ್ಯದಿಂದ ಬಂದವನು, ನಮ್ಮ ಊರು ತಪ್ಪಿಹೋಗಿರುವುದಕ್ಕೆ ಅವನೇನು ಮಾಡಿಯಾನು. ಕಾಂಪೌಂಡಿನ ಹೊರಗೆ ಸ್ವಲ್ಪ ದೂರ ನಡೆದೆವು. ಅಮ್ಮ ಒಂದು ಕೈ ಗೋಡೆಗೆ ಹಚ್ಚಿಕೊಂಡು ನಡೆಯುತ್ತಿದ್ದಳು. ದಿಣ್ಣೆ ಯಾವ ಕಡೆ ಎಂದು ಕೇಳಿದಳು. ದಿಣ್ಣೆಯನ್ನು ಮಟ್ಟ ಮಾಡಿದ್ದರು. ನನಗೂ ದಿಕ್ಕು ತಿಳಿಯಲಿಲ್ಲ. ವಾಪಸು ಬರುವಾಗ ಕೃಷ್ಣರಾಜಪುರದ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು, ಮಳೆ ಶುರುವಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನನಗೆ ತುಂಬ ಬೇಜಾರಾಗಿತ್ತು.

ಅದಾದ ಕೆಲವು ದಿನಗಳಿಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ದೊಡ್ಡ ಮಾನಿಟರಿನ ತುಂಬ ಐರ್ಲೆಂಡಿನ ಒಂದು ಚಿತ್ರ ಹರಡಿಕೊಂಡಿತ್ತು. ಕಾಫಿ ಲೋಟ ಹಿಡಿದು ಬಂದ ಅಮ್ಮ ಪಕ್ಕದಲ್ಲಿ ನಿಂತಳು. ಅವಳಿಗೆ ಆಗ ನೇರ ಮುಂದೆ ಮಾತ್ರ ಸ್ವಲ್ಪ ಕಾಣುತ್ತಿತ್ತು. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

'ನಮ್ಮೂರ್ ಫೋಟೊ ಎಲ್ಲಿ ಸಿಕ್ತೇ ನಿಂಗೆ?'

'ಅಮ್ಮ, ಇದು ಐರ್ಲೆಂಡು.'

'ಇರ್ಲಿ ಬಿಡು. ಉರ್ಲಗಡ್ಡೆ ಸಾಲು ನಂಗೊತ್ತಾಗಲ್ವಾ?'

ಐರ್ಲೆಂಡನ್ನು ಇರ್ಲಿ ಬಿಡು ಮಾಡಿದ್ದಕ್ಕೆ ನನಗೆ ನಗು ಬಂತು. ನಕ್ಕು, ಅವಳು ಬೆರಳಿಟ್ಟ ಕಡೆ ನೋಡಿದೆ. ಹಸಿರು ದಿಣ್ಣೆಯ ಮೇಲೆ, ಬಿಸಿಲು ಓರೆಯಾಗಿ ಬಿದ್ದಿರುವಲ್ಲಿ, ಮಸುಕು ಗೆರೆಗಳು. ಒಂದರ ಪಕ್ಕ ಒಂದು, ಮೇಲಿನಿಂದ ಕೆಳಕ್ಕೆ. ಬಾಚಣಿಗೆ ಎಳೆದ ಹಾಗೆ. ಎಷ್ಟೋ ದಿನದಿಂದ ನೋಡುತ್ತಿದ್ದ ಚಿತ್ರ ಅದು. ಆ ಗೆರೆಗಳನ್ನು ನಾನು ಕುಂಚದ ಗುರುತು ಎಂದುಕೊಂಡು ಬಿಟ್ಟಿದ್ದೆ.

ಅಮ್ಮನ ಕಣ್ಣಿನ ಬಗ್ಗೆ ಡಾಕ್ಟರು ಹೇಳಿದ್ದು ಗೊತ್ತಿದ್ದೂ ನಾನು ಆ ಗೆರೆಗಳ ಬೆನ್ನುಹತ್ತಿದೆ. ಚಿತ್ರದ ಕೆರೆ, ಬಂಗಲೆ ಹಿಡಿದು ಜಾಗ ಪತ್ತೆಯಾಯಿತು. ಆ ಜಾಗದ ಹಳೆಯ ನಕ್ಷೆಗಳು ಸಿಕ್ಕವು. ಸರ್ವೆಯವನ ಮಗಳಿಗೆ ನಕ್ಷೆ ಓದಲು ಹೇಳಿಕೊಡಬೇಕಾಗಿಲ್ಲ. ಚಿತ್ರಕ್ಕಿಂತ ಹಿಂದಿನ ನಕ್ಷೆಯಲ್ಲಿ ಕೆರೆಯ ಪಕ್ಕ ಕಪ್ಪು ಚೌಕಗಳು ಒತ್ತೊತ್ತಾಗಿವೆ, ಒಂದೊಂದೂ ಒಂದು ಮನೆ. ನಂತರದ ನಕ್ಷೆಯಲ್ಲಿ ಅಲ್ಲಿ ಬಿಳಿ ಜಾಗ, ಅಂಚಿಗೆ ಮರಗಳು. ಚಿತ್ರ ಇವೆರಡರ ನಡುವಿನದು. ಐರ್ಲೆಂಡಿನ ಬಡವರು ಉರ್ಲಗಡ್ಡೆಯೊಂದನ್ನೇ ನಂಬಿ ಬದುಕಿದವರು. ಬೆಳೆಗೆ ರೋಗ ಬಿದ್ದು ಗಡ್ಡೆ ಮಣ್ಣಿನೊಳಗೇ ಕೊಳೆತಾಗ ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು. ಗೇಣಿ ಕೊಡಲಾಗದೆ ಉಳಿದವರನ್ನು ಎಷ್ಟೋ ಜಮೀನ್ದಾರರು ಮನೆಯ ಸೂರು ಕೆಡವಿ ಓಡಿಸಿದರು. ಆಮೇಲೆ ಹುಲ್ಲು ಬೆಳೆಯಿತು. ಬಂಗಲೆಯ ಕಿಟಕಿಯಿಂದ ನೋಟ ಚೆನ್ನಾಯಿತು. ಆ ಚೆನ್ನಾದ ನೋಟವನ್ನು ಬರೆಯಲು ಚಿತ್ರಕಾರನನ್ನು ಕರೆಸಿದರು. ಮನೆಗಳನ್ನು ಕೆಡವಬಹುದು, ಗುದ್ದಲಿಯಿಂದ ಏರಿಸಿದ ಸಾಲು ಮಾತ್ರ ಹುಲ್ಲಿನಡಿಯಲ್ಲಿ ಹಾಗೆಯೇ ಉಳಿಯುತ್ತದೆ, ಓರೆ ಬಿಸಿಲಿಗೆ ಕಾಣುತ್ತದೆ. ಅಂಥ ಸಾಲುಗಳಿಗೆ ಇಂಗ್ಲಿಷಿನಲ್ಲಿ ಸೋಮಾರಿ ಪಾತಿ ಎಂದು ಹೆಸರು. ಬಂಡೆಯ ನೆಲದಲ್ಲಿ ಕೈಯಿಂದ ಮಣ್ಣೇರಿಸಿದವರಿಗೆ ಸಿಕ್ಕ ಬಿರುದು ಅದು.

ಹಾಗೆ ಹೊರಟವರಲ್ಲಿ ಕೆಲವರು ಊಟ ಸಿಗುತ್ತದೆಂದು ಬ್ರಿಟಿಷರ ಪಲ್ಟನ್ನು ಸೇರಿ ನಮ್ಮ ಕಂಟೋನ್ಮೆಂಟಿಗೂ ಬಂದಿರಬೇಕು. ಇಲ್ಲಿನ ಹಳೆಯ ಗೋರಿಗಳ ಮೇಲೆ ಐರಿಶ್ ಹೆಸರುಗಳನ್ನು ನೋಡಿದ್ದೇನೆ. ಅವರು ಕವಾಯತು ಮಾಡಿದ ಮೈದಾನವೂ ಅದಕ್ಕೆ ಮೊದಲು ಹಲಸೂರಿನ ಯಾರದೋ ರಾಗಿ ಹೊಲವಾಗಿದ್ದಿರಬಹುದು. ಇಂಥವನ್ನೆಲ್ಲ ಯೋಚಿಸುತ್ತ ಕೂತರೆ ಕೆಲಸ ಸಾಗುವುದಿಲ್ಲ. ನನ್ನದು ಸಾಗಲಿಲ್ಲ.

ಮರುದಿನ ಆಫೀಸಿನಲ್ಲಿ ನಸ್ರೀನಳಿಗೆ ಎಲ್ಲ ತೋರಿಸಿದೆ. ಅವಳು ಎರಡು ನಕ್ಷೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಚೌಕ ಎಣಿಸಿದಳು. ನಮ್ಮ ಕಡೆ ಇಂಥ ಪಾಪದ ಊರಿಗೆ ಬೇಚರಾಕ್ ಎನ್ನುತ್ತಾರೆ, ನಿಮ್ಮ ಬೇಚಾರಾ ಮಾತಿನಿಂದಲೇ ಬಂದದ್ದು ಎಂದು ನಾನು ನನ್ನ ಪಾಂಡಿತ್ಯ ತೆಗೆದೆ. ಅವಳು ನನ್ನ ಮುಖ ನೋಡಿದಳು.

'ಬೇಚಾರಾ ಅಲ್ವೇ ಅದು. ಬೇ-ಚಿರಾಗ್ ಇರ್ಬೇಕು. ಚಿರಾಗ್ ಅಂದ್ರೆ ದೀಪ. ದೀಪ ಇಲ್ದಿರೋ ಊರು.'

ಬಿರಿಯಾನಿಯ ವಾಸನೆ ಮೇಲಕ್ಕೆ ಬರುತ್ತಿತ್ತು. ಎಲ್ಲರೂ ಊಟಕ್ಕೆ ಎದ್ದರು. ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪನಿಗೆ ಅರ್ಥ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದದ್ದರಿಂದಲೇ ಆ ದಿನ ಖಾಲಿ ಎಂದನೋ ಏನೋ. ಕೇಳಲು ಅವನಿಲ್ಲ.

ಅಮ್ಮನಿಗೆ ನಿಜ ಹೇಳಬೇಕೆಂದು ಮನೆಗೆ ಬಂದೆ. ನಿನ್ನ ಸಾಲು ಸರಿ, ಊರು ಮಾತ್ರ ಬೇರೆ ಎಂದು. ಅವಳಾಗಲೇ ಮಾನಿಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಮುಖ ತೊಳೆದು, ತಲೆ ಬಾಚಿಕೊಂಡು, ಎಲ್ಲಿಗೋ ಹೊರಟವಳ ಹಾಗೆ. 'ಹಾಕು, ನೋಡ್ತೀನಿ' ಎಂದಳು. ಹಾಕಿದೆ. ಒಂದೊಂದೇ ಜಾಗಕ್ಕೆ ಬೆರಳಿಟ್ಟು ಹೇಳುತ್ತ ಹೋದಳು: ಇಲ್ಲಿ ನಮ್ಮನೆ, ಇಲ್ಲಿ ದನದ ಕೊಟ್ಟಿಗೆ, ಇಲ್ಲಿ ಚಿಕ್ಕಪ್ಪನ ಮನೆ, ಮಾತು ಬಿಟ್ಟಿದ್ದರೂ ಗೋಡೆ ಒಂದೇ. ಹಿಂದಿನ ಬೆಟ್ಟಕ್ಕೆ ಬೆರಳಿಟ್ಟು, ಇವತ್ತು ಮೋಡ ಇಲ್ಲ, ನಂದಿಬೆಟ್ಟ ಕಾಣ್ತಿದೆ ಎಂದಳು. ನಕ್ಷೆಯ ಕಪ್ಪು ಚೌಕಗಳಿದ್ದದ್ದು ಇನ್ನೂ ಎಡಕ್ಕೆ. ಅಮ್ಮನ ಮನೆಗಳು ಬಂಗಲೆಯ ಹುಲ್ಲುಹಾಸಿನ ಮಧ್ಯಕ್ಕೇ ಬಿದ್ದಿದ್ದವು. ನಾನು ತಿದ್ದಲಿಲ್ಲ.

ಕೊನೆಗೆ ಕೈ ತೆಗೆದು, 'ಜನ ಯಾರೂ ಕಾಣ್ತಿಲ್ವಲ್ಲೇ' ಎಂದಳು.

'ಹೊಲಕ್ಕೆ ಹೋಗಿರ್ಬೇಕಮ್ಮ.'

'ಹೂಂ. ಮಣ್ಣೇರ್ಸೋ ಕಾಲ.'

ಅವಳ ಬೆರಳಲ್ಲಿ ತಲೆಗೆ ಹಚ್ಚಿಕೊಂಡ ಹರಳೆಣ್ಣೆ ಇತ್ತು. ಮಾನಿಟರಿನ ಗಾಜಿನ ಮೇಲೆ ಅಲ್ಲಲ್ಲಿ ಜಿಡ್ಡಿನ ಗುರುತು ಉಳಿಯಿತು. ಪರದೆ ಆರಿಸಿದಾಗ ಅವು ಚೆನ್ನಾಗಿ ಕಾಣುತ್ತವೆ. ಆಫೀಸಿನವರು ಕೊಟ್ಟ ಮಾನಿಟರು, ಒರೆಸುವ ಬಟ್ಟೆಯನ್ನೂ ಕೊಟ್ಟಿದ್ದಾರೆ. ಒರೆಸಿಲ್ಲ.

ಆ ಚಿತ್ರದ ಬರಹದಲ್ಲಿ, ಜನ ಎಂಬ ಜಾಗದಲ್ಲಿ ನಾನು 'ಇಲ್ಲ' ತೆಗೆದು 'ಕಾಣುವುದಿಲ್ಲ' ಎಂದು ಬರೆದೆ. ನಸ್ರೀನ್ ಓದಿ, ರೂಲಿನ ಪ್ರಕಾರ ಸರಿಯಾಗಿಯೇ ಇದೆ ಎಂದು ಕಳಿಸಿಕೊಟ್ಟಳು. ಅಲ್ಲಿಯವರ ಕಂಪ್ಯೂಟರಿನಲ್ಲಿ ಇರುವುದು ಎರಡೇ ಆಯ್ಕೆಯಂತೆ, ಇದೆ ಅಥವಾ ಇಲ್ಲ. ಅದು ತಾನಾಗಿಯೇ ಮತ್ತೆ ಇಲ್ಲ ಆಯಿತು. ನಾವಿಬ್ಬರೂ ಎರಡು ಸಲ ಪತ್ರ ಬರೆದು ಸುಮ್ಮನಾದೆವು.

ಅಮ್ಮ ಕೆಲವು ದಿನ ಸಂಜೆ ಹೊತ್ತು ಹಾಲಕುಂಟೆ ನೋಡುತ್ತಿದ್ದಳು. ಆಮೇಲೆ ಹಾಕು ಎಂದು ಕೇಳುವುದು ಕಡಿಮೆಯಾಯಿತು.

ಮೊನ್ನೆ ಸಂಜೆ ಆಫೀಸಿನಿಂದ ಬಂದವಳೇ ನಡುಮನೆಯ ಟ್ಯೂಬ್‌ಲೈಟು ಹಾಕಿ, ದೇವರ ಮುಂದೆ ದೀಪ ಹಚ್ಚಿ, ಅಡುಗೆಮನೆಗೆ ಹೋದೆ. ಸಾರು ಕುದಿಯುತ್ತಿತ್ತು. ಉಪ್ಪಿನ ಡಬ್ಬಿ ತೆಗೆದರೆ ತಳದಲ್ಲಿ ಬರೀ ಚಮಚ. ಎಷ್ಟೋ ವರ್ಷಗಳ ಮೇಲೆ ಅಪ್ಪನ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ನಡುಮನೆಯಿಂದ ಅಮ್ಮ ಕರೆದಳು.

'ಪುಟ್ಟೀ, ಹೊತ್ತು ಮುಳುಗ್ತು ಅನ್ಸತ್ತೆ. ದೀಪ ಹಾಕಲ್ವಾ?'

ಹೋಗಿ ನೋಡಿದೆ. ಟ್ಯೂಬ್‌ಲೈಟಿನ ಕೆಳಗೇ ಕೂತಿದ್ದಳು, ಮುಖವೂ ಅದರ ಕಡೆಗೇ ಇತ್ತು. ಸ್ವಿಚ್ಚಿನ ಹತ್ತಿರ ಹೋಗಿ, ಅವಳಿಗೆ ಸದ್ದು ಕೇಳಲೆಂದು, ಒಮ್ಮೆ ಆರಿಸಿ ಮತ್ತೆ ಹಾಕಿದೆ.

'ಹೂಂ, ಈಗ ಬೆಳಕಾಯ್ತು' ಎಂದಳು ಅಮ್ಮ.